ಗುಬ್ಬಿಯ ಐದು ಹಲ್ಲು

ಡಾಕ್ಟರ ಹೆಸರು ಹೇಳಿ ದಾರಿ ಕೇಳಿದರೆ ಆ ಬೀದಿಯಲ್ಲಿ ಯಾರೂ ತೋರಿಸುತ್ತಿರಲಿಲ್ಲ. ‘ನೋವಿಲ್ಲದ ಡಾಕ್ಟ್ರು’ ಅಂದರೆ ಸಾಕು, ಚಪ್ಪಲಿ ಅಂಗಡಿಯವನು ಕೂತಲ್ಲಿಂದಲೇ ಹೆಬ್ಬೆರಳು ಮೇಲೆತ್ತಿ ಮಹಡಿ ತೋರಿಸುತ್ತಿದ್ದ. ಇಪ್ಪತ್ತೆಂಟು ವರ್ಷದಿಂದ ಅಲ್ಲೇ ಕ್ಲಿನಿಕ್. ಹಲ್ಲು ಕೀಳುವವರು, ತುಂಬುವವರು, ಕಟ್ಟುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಇಂಜೆಕ್ಷನ್ ಕೊಟ್ಟದ್ದೇ ಗೊತ್ತಾಗದ ಹಾಗೆ ಕೊಡುವವರು ಇವರೊಬ್ಬರೇ. ಔಷಧಿಯ ಪುಟ್ಟ ಕೊಳವೆಯನ್ನು ಮೊದಲು ಅಂಗೈಯಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡುವರು. ಆಮೇಲೆ ಕೆನ್ನೆ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ, ‘ಮಗಳ ಪರೀಕ್ಷೆ ಹೇಗಾಯ್ತು?’ ಎಂದು ಏನೋ ಒಂದು ಕೇಳುವರು. ಬಾಯಿ ತೆರೆದುಕೊಂಡವರು ಉತ್ತರ ಹೇಗೆ ಕೊಟ್ಟಾರು? ‘ಆಂ ಆಂ’ ಅನ್ನುವಷ್ಟರಲ್ಲಿ ಸೂಜಿ ಹೋಗಿ ಬಂದಿರುತ್ತಿತ್ತು.

‘ಮೂರು ಗಂಟೆ ತುಟಿ ಮರಗಟ್ಟಿರುತ್ತೆ. ಬಿಸಿ ಏನೂ ಕುಡೀಬೇಡಿ. ತುಟಿ ಕಚ್ಕೋಬೇಡಿ, ಗೊತ್ತಾಗಲ್ಲ’ ಎಂದು ಎಲ್ಲರಿಗೂ ಒಂದೇ ಪಾಠ ಒಪ್ಪಿಸುವರು. ಆ ಪಾಠವನ್ನು ಒಂದು ದಿನ ತಮ್ಮ ಮನೆಯವರಿಗೇ, ಅದೂ ಮೂರು ಗಂಟೆಗಲ್ಲ, ಉಳಿದ ಆಯಸ್ಸಿಗೆಲ್ಲ ಹೇಳಬೇಕಾದೀತು ಎಂದು ಆಗ ಅವರಿಗೇನು ಗೊತ್ತು?

ಕ್ಲಿನಿಕ್ಕಿನ ಕಿಟಕಿ ತೆರೆದರೆ ಎದುರಿಗೇ ಬಸ್ ನಿಲ್ದಾಣ. ಅಲ್ಲಿ ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳ ಸಮಯ ಹೇಳುತ್ತಿದ್ದವಳು ಡಾಕ್ಟರ ಒಡಹುಟ್ಟಿದ ತಂಗಿ, ಅವರಿಗಿಂತ ಆರು ವರ್ಷ ಚಿಕ್ಕವಳು. ಮಾತು ಕಲಿತ ದಿನದಿಂದ ಬಾಯಿಗೆ ಬಿಡುವೇ ಕೊಡದವಳಾದ್ದರಿಂದ ಅಪ್ಪ ಅವಳನ್ನು ಗುಬ್ಬಿ ಎಂದು ಕರೆದಿದ್ದರು. ನಲವತ್ತೆಂಟಾದರೂ ಅವಳು ಗುಬ್ಬಿಯೇ. ಪ್ರತಿ ಬಸ್ಸನ್ನೂ ಎರಡು ಸಲ ಹೇಳಬೇಕೆಂಬುದು ನಿಲ್ದಾಣದ ನಿಯಮ. ಗುಬ್ಬಿಗೆ ಬಿಟ್ಟರೆ ನಾಲ್ಕು ಸಲ ಹೇಳಿಯಾಳು ಎಂದು ಅತ್ತಿಗೆ, ಅಂದರೆ ಕ್ಲಿನಿಕ್ಕಿನಲ್ಲಿ ಕೈನೆರವಾಗಿದ್ದ ಡಾಕ್ಟರ ಹೆಂಡತಿ, ನಗುತ್ತಿದ್ದಳು.

‘ಹೊಸ ಸೇತುವೆ ಮಾರ್ಗವಾಗಿ ಸಾಗುವ ಬಸ್ಸು ಸಂಜೆ ಆರೂಕಾಲಿಗೆ ಸರಿಯಾಗಿ ಏಳನೇ ಅಂಕಣದಿಂದ ಹೊರಡಲಿದೆ.’

ಅಷ್ಟು ಗದ್ದಲದ ನಡುವೆಯೂ ಆ ದನಿ ತೊಳೆದಿಟ್ಟ ಲೋಟದ ಹಾಗೆ ಇರುತ್ತಿತ್ತು. ಡಾಕ್ಟರು ಕೆಲಸ ನಿಲ್ಲಿಸಿ, ಕುರ್ಚಿಯಲ್ಲಿದ್ದವರಿಗೆ, ‘ಕೇಳಿದ್ರಾ? ಸ ಅಂದ್ರೆ ಹಾಗಿರಬೇಕು. ಒಂದು ಹಲ್ಲೂ ಆಚೀಚೆ ಇಲ್ಲ ನಮ್ಮ ಗುಬ್ಬಿಗೆ’ ಎಂದು ಹೇಳಿಕೊಳ್ಳದೆ ಬಿಡುತ್ತಿರಲಿಲ್ಲ. ಹೇಳಿಕೊಂಡಿದ್ದು ಹೆಚ್ಚಾಯಿತೋ ಏನೋ.

ಒಂದು ಮಧ್ಯಾಹ್ನ ಗುಬ್ಬಿ ಕೆಲಸ ಬಿಟ್ಟು ರಸ್ತೆ ದಾಟಿ ಬಂದಳು. ಬಲಗೆನ್ನೆಯ ಹತ್ತಿರ ಕೈ ಹಿಡಿದಿದ್ದಳು, ಆದರೆ ಕೈ ಕೆನ್ನೆಗೆ ತಾಕದ ಹಾಗೆ.

‘ಅಣ್ಣಾ, ಕರೆಂಟು ಹೊಡೆದ ಹಾಗೆ. ಕೆಳಗಿನ ದವಡೆ, ಇಲ್ಲಿ. ಹಲ್ಲುಜ್ಜಿದ್ರೆ ಹೊಡೆಯುತ್ತೆ, ಫ್ಯಾನಿನ ಗಾಳಿ ಬಿದ್ರೆ ಹೊಡೆಯುತ್ತೆ. ಮಾತಾಡಿದ್ರಂತೂ…’ ಅಷ್ಟು ಹೇಳುವಷ್ಟರಲ್ಲಿ ಮುಖ ಕಿವುಚಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ದವಡೆಯ ಹಿಂಭಾಗದಲ್ಲಿ, ಕೆಳಸಾಲಿನ ಹಲ್ಲುಗಳಿಗೆಲ್ಲ ಹೋಗುವ ನರದ ಬುಡಕ್ಕೆ. ಐದು ನಿಮಿಷ. ಗುಬ್ಬಿ ಕಣ್ಣರಳಿಸಿದಳು. ‘ಹೋಯ್ತು! ಅಣ್ಣಾ, ಹೋಯ್ತು ನೋಡು!’ ಎಂದು ಎದ್ದು, ಬೇಸಿನ್ನಿನಲ್ಲಿ ಮುಖವನ್ನು ತಿಕ್ಕಿ ತಿಕ್ಕಿ ತೊಳೆದಳು. ನಾಲ್ಕು ದಿನದಿಂದ ಆ ಕೆನ್ನೆಗೆ ನೀರು ತಾಕಿಸಿರಲಿಲ್ಲವಂತೆ. ಆಮೇಲೆ ಗಂಡನಿಗೆ ಫೋನು ಮಾಡಿ, ನಾಲ್ಕು ದಿನ ಬೈಯದೆ ಉಳಿಸಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಬೈದಳು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಡಾಕ್ಟರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಎಡವಟ್ಟಾದದ್ದು ಅಲ್ಲೇ. ಹಲ್ಲಿಗೆ ಜೋಮು ಹಿಡಿಸಿದಾಗ ನೋವು ಹೋಯಿತು, ಆದ್ದರಿಂದ ನೋವು ಹಲ್ಲಿನದೇ ಎಂದು ಅವರು ಎಣಿಸಿದರು. ಮನೆಯ ಮೇನ್ ಸ್ವಿಚ್ ಆರಿಸಿದರೆ ಎಲ್ಲ ದೀಪವೂ ಆರುತ್ತದೆ, ಕೆಟ್ಟದ್ದು ಯಾವುದೆಂದು ಅದರಿಂದ ಗೊತ್ತಾಗುತ್ತದೆಯೇ? ಇಪ್ಪತ್ತೆಂಟು ವರ್ಷ ಆ ಸ್ವಿಚ್ಚನ್ನು ಒತ್ತಿದ ಮನುಷ್ಯನಿಗೆ ಆ ದಿನ ಅದು ಹೊಳೆಯಲಿಲ್ಲ. ಮೂರು ಗಂಟೆ ಕಳೆದ ಮೇಲೆ ನೋವು ತಿರುಗಿ ಬಂತು. ಹಿಂದೆ ತುಂಬಿಸಿದ್ದ ಒಂದು ದವಡೆ ಹಲ್ಲಿತ್ತು. ಅದನ್ನು ಕಿತ್ತರು.

ನಾಲ್ಕು ತಿಂಗಳು ನೋವಿಲ್ಲ. ಆಹಾ, ಎಂಥ ಕೈಗುಣ! ಐದನೇ ತಿಂಗಳು ಮತ್ತೆ ಬಂತು. ಗುಬ್ಬಿ ಪಕ್ಕದ ಹಲ್ಲು ತೋರಿಸಿದಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕಣ್ಣಿಗೆ ಕಾಣದ ಬಿರುಕು ಇದ್ದರೂ ಇರಬಹುದು ಎಂದುಕೊಂಡು ಅದನ್ನೂ ಕಿತ್ತರು. ಮತ್ತೆ ಮೂರು ತಿಂಗಳು ನೆಮ್ಮದಿ. ಆ ನೋವಿನ ಗುಣವೇ ಹಾಗೆ, ಬರುತ್ತದೆ, ತಾನಾಗಿ ತಿಂಗಳುಗಟ್ಟಲೆ ಹೋಗುತ್ತದೆ, ಮತ್ತೆ ಬರುತ್ತದೆ. ಹೋಗಿದ್ದು ತಮ್ಮ ಇಕ್ಕಳದಿಂದ ಎಂದು ಡಾಕ್ಟರು ನಂಬಿದರು.

ಮೂರನೆಯದನ್ನು ಕಿತ್ತ ದಿನ ಮಾತ್ರ ಡಾಕ್ಟರಿಗೆ ಕೊನೆತನಕ ಮರೆಯಲಾಗಲಿಲ್ಲ. ಹಲ್ಲನ್ನು ತೊಳೆದು ದೀಪದ ಕೆಳಗೆ ಹಿಡಿದರು. ತಿರುಗಿಸಿ ನೋಡಿದರು. ಭೂತಗನ್ನಡಿ ತಂದು ನೋಡಿದರು. ಒಂದು ಗೀರಿಲ್ಲ, ಚುಕ್ಕೆಯಿಲ್ಲ, ಬೇರಿನ ತುದಿಯವರೆಗೂ ಬೆಳ್ಳಗೆ ಗಟ್ಟಿಮುಟ್ಟಾದ ಹಲ್ಲು. ಇನ್ನೂ ಐವತ್ತು ವರ್ಷ ಅಗಿಯಬಹುದಾಗಿದ್ದ ಹಲ್ಲು.

ಗುಬ್ಬಿ ಹತ್ತಿ ಕಚ್ಚಿಕೊಂಡೇ ಕೇಳಿದಳು, ‘ಹುಳುಕಾಗಿತ್ತಾ ಅಣ್ಣ?’

‘ಹೂಂ. ಬೇರಲ್ಲಿ’ ಅಂದರು ಡಾಕ್ಟರು.

ಎರಡೇ ಮಾತು. ಅಷ್ಟು ಹೇಳದೆ, ‘ಇಲ್ಲ ಪುಟ್ಟಿ, ನನಗೇ ತಿಳೀತಿಲ್ಲ, ಬೇರೆಯವರ ಹತ್ತಿರ ತೋರಿಸೋಣ’ ಅಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಗುಬ್ಬಿ ಅವರನ್ನು ನೋಡುತ್ತಿದ್ದ ನೋಟದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ನೋಟವನ್ನು ಕಳೆದುಕೊಳ್ಳಲು ಅವರಿಗೆ ಧೈರ್ಯ ಬರಲಿಲ್ಲ. ಅದು ಅಹಂಕಾರವೋ ಅಕ್ಕರೆಯೋ ಎಂದು ಆಮೇಲೆ ಎಷ್ಟೋ ಸಲ ತಮ್ಮನ್ನು ತಾವೇ ಕೇಳಿಕೊಂಡರು. ಎರಡೂ ಇತ್ತು, ಆದರೆ ಅಹಂಕಾರದ ಪಾಲೇ ದೊಡ್ಡದು. ಕಿತ್ತ ಹಲ್ಲನ್ನು ಬಿಸಾಡಲು ಕೈ ಬರದೆ, ಮೊದಲಿನ ಎರಡರ ಜೊತೆ ಒಂದು ಸಣ್ಣ ಬಾಟಲಿಯಲ್ಲಿ ಹಾಕಿ ಡ್ರಾಯರಿನ ಹಿಂದಕ್ಕೆ ತಳ್ಳಿದರು.

ಒಂದು ಸಲ ‘ಹೂಂ’ ಅಂದವರು ನಾಲ್ಕನೆಯದಕ್ಕೆ ‘ಊಹೂಂ’ ಅನ್ನುವುದು ಹೇಗೆ? ಅನ್ನಲಿಲ್ಲ, ನಾಲ್ಕನೆಯದೂ ಹೋಯಿತು. ಐದನೆಯದು ಕೋರೆಹಲ್ಲು. ಆ ದಿನ ಅತ್ತಿಗೆ ಪಕ್ಕದಲ್ಲೇ ಇದ್ದಳು. ‘ರೀ, ಕೋರೆಹಲ್ಲು ಚೆನ್ನಾಗೇ ಕಾಣುತ್ತಲ್ಲ?’ ಎಂದಳು. ‘ನಿಂಗೇನು ಗೊತ್ತು, ಸುಮ್ಮನಿರು’ ಎಂದು ಡಾಕ್ಟರು ಗದರಿದರು. ಗುಬ್ಬಿ ಎರಡು ಕೈ ಜೋಡಿಸಿ, ‘ಕಿತ್ತುಬಿಡು ಅಣ್ಣ, ನಿನ್ನ ದಮ್ಮಯ್ಯ’ ಎಂದು ಅಳುತ್ತಿದ್ದಳು. ಕಿತ್ತರು. ಎಂದಿನಂತೆ, ಸ್ವಲ್ಪವೂ ನೋವಾಗದ ಹಾಗೆ.

ಎಂಟೇ ದಿನಕ್ಕೆ ನೋವು ಬಂದು ಕೂತಿತು, ಹಲ್ಲೇ ಇಲ್ಲದ ಜಾಗಕ್ಕೆ. ಜೊತೆಗೆ ಇನ್ನೊಂದು ಕಷ್ಟ. ಬಲಗಡೆ ಐದು ಹಲ್ಲಿನ ಸಂದು ಬಿದ್ದಿದ್ದರಿಂದ ಗುಬ್ಬಿ ‘ಸ’ ಅಂದಾಗಲೆಲ್ಲ ಗಾಳಿ ಅಲ್ಲಿಂದ ನುಸುಳಿ ಸೀಟಿಯ ಹಾಗೆ ಬರುತ್ತಿತ್ತು. ಸೇತುವೆ, ಸಂಜೆ, ಸಮಯ, ಬಸ್ಸು. ಆ ಕೆಲಸದಲ್ಲಿ ಸ ಬಿಟ್ಟು ಮಾತೆಲ್ಲಿದೆ? ಪ್ರಯಾಣಿಕರು ನಗತೊಡಗಿದರು. ಒಬ್ಬ ಕಂಡಕ್ಟರಂತೂ ಅವಳನ್ನು ಕಂಡಾಗಲೆಲ್ಲ ಸೀಟಿ ಊದಿ ಅಣಕಿಸುತ್ತಿದ್ದ. ನಿಲ್ದಾಣದ ಮೇಲ್ವಿಚಾರಕರು ಕೆಟ್ಟವರಲ್ಲ, ತಿಂಗಳುಗಟ್ಟಲೆ ತಡೆದುಕೊಂಡರು. ಕೊನೆಗೆ, ‘ಸ್ವಲ್ಪ ದಿನ ಗಂಟಲಿಗೆ ವಿಶ್ರಾಂತಿ ಕೊಡಿ’ ಎಂದು ಅವಳನ್ನು ಪ್ರಯಾಣಿಕರು ಬಿಟ್ಟುಹೋದ ಸಾಮಾನು ಕಾಯುವ ಕೌಂಟರಿಗೆ ಹಾಕಿದರು. ಮೈಕು ಟಿಕೆಟ್ ಗುಮಾಸ್ತನ ಕೈಗೆ ಹೋಯಿತು. ಅವನು ಬಸ್ಸಿನ ಸಮಯವನ್ನು ಯಾರದೋ ಮೇಲೆ ಹಗೆಯಿದ್ದ ಹಾಗೆ ಓದುತ್ತಿದ್ದ. ಡಾಕ್ಟರು ಕ್ಲಿನಿಕ್ಕಿನ ಕಿಟಕಿ ಮುಚ್ಚಿಸಿದರು.

ನರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದದ್ದು ಅತ್ತಿಗೆ. ಗಂಡನನ್ನು ಕೇಳಲಿಲ್ಲ, ‘ನಾಳೆ ಹತ್ತು ಗಂಟೆಗೆ ಹೋಗ್ತಿದ್ದೀವಿ, ಬರೋದಾದ್ರೆ ಬನ್ನಿ’ ಎಂದಳು ಅಷ್ಟೇ. ಡಾಕ್ಟರು ಹೋದರು. ಹೋಗದಿದ್ದರೆ ಚೆನ್ನಾಗಿತ್ತು ಎಂದು ಅಲ್ಲಿ ಕೂತಾಗ ಅನ್ನಿಸಿತು.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು. ಗುಬ್ಬಿಯ ಮಾತು ಪೂರ್ತಿ ಕೇಳಿಸಿಕೊಂಡಳು, ಸ್ಕ್ಯಾನ್ ನೋಡಿದಳು. ‘ಇದು ಮುಖದ ನರದ ನೋವು. ನರವೇ ಸುಮ್ಮಸುಮ್ಮನೆ ಸಿಡಿಯೋದು. ನೋಡೋಕೆ ಹಲ್ಲುನೋವಿನ ಹಾಗೇ ಇರುತ್ತೆ, ಆದ್ರೆ ಹಲ್ಲಿಂದಲ್ಲ’ ಎಂದಳು. ಆಮೇಲೆ ಬಾಯಿ ನೋಡಿ, ‘ಐದು ಹಲ್ಲು ಇಲ್ವಲ್ಲ. ಯಾರು ಕಿತ್ತದ್ದು?’ ಎಂದು ಕೇಳಿದಳು.

‘ನಮ್ಮಣ್ಣ. ಒಂಚೂರೂ ನೋವಾಗ್ಲಿಲ್ಲ’ ಎಂದಳು ಗುಬ್ಬಿ, ಹೆಮ್ಮೆಯಿಂದ.

ಡಾಕ್ಟರಮ್ಮ ಇವರ ಕಡೆ ತಿರುಗಿದಳು. ‘ಹಲ್ಲುಗಳು ಹೇಗಿದ್ವು ಸರ್?’

ಉತ್ತರ ಗಂಟಲವರೆಗೆ ಬಂತು. ಅಷ್ಟರಲ್ಲಿ ಗುಬ್ಬಿಯೇ ಹೇಳಿಬಿಟ್ಟಳು, ‘ಬೇರಲ್ಲಿ ಹುಳುಕಾಗಿತ್ತು ಮೇಡಂ. ನನ್ನ ಹಣೆಬರಹ ನೋಡಿ, ಹಲ್ಲೂ ಕೆಟ್ಟಿತ್ತು, ನರವೂ ಕೆಟ್ಟಿತ್ತು!’ ಡಾಕ್ಟರಮ್ಮ ಒಂದು ಗಳಿಗೆ ಇವರ ಮುಖ ನೋಡಿ, ಕಣ್ಣು ಕೆಳಗೆ ಹಾಕಿ ಬರೆಯತೊಡಗಿದಳು. ಅವಳಿಗೆ ಗೊತ್ತಾಗಿತ್ತು.

ಮೊದಲು ಮಾತ್ರೆ ಕೊಟ್ಟಳು. ನೋವು ಅರ್ಧಕ್ಕೆ ಇಳಿಯಿತು, ತಲೆಸುತ್ತು ಎರಡರಷ್ಟು ಏರಿತು. ಗುಬ್ಬಿ ಗೋಡೆ ಹಿಡಿದುಕೊಂಡು ಓಡಾಡಿದಳು. ಕೌಂಟರಿನಲ್ಲಿ ಒಬ್ಬರ ಕೊಡೆ ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡಳು. ಆಮೇಲೆ ಸೂಜಿಯ ಮಾತು ಬಂತು. ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ.

‘ತಲೆ ತೆರೆಯೋ ಆಪರೇಷನ್ ಅಲ್ಲ. ಸ್ವಲ್ಪ ಹೊತ್ತು ಮಂಪರು ಬರಿಸ್ತೀವಿ, ನಡುವೆ ಎಬ್ಬಿಸಿ ಎಲ್ಲಿ ಏನನ್ಸುತ್ತೆ ಅಂತ ಕೇಳ್ತೀವಿ. ಕೆನ್ನೆಯಿಂದ ಸೂಜಿ ಹಾಕಿ, ಎಕ್ಸ್‌ರೇಯಲ್ಲಿ ನೋಡ್ಕೊಂಡು, ಕೆಳದವಡೆಗೆ ಬರೋ ನರಕ್ಕೆ ಶಾಖ ಕೊಡ್ತೀವಿ. ತೊಂದರೆ ಏನೂ ಆಗದಿದ್ರೆ ಸಂಜೆ ಮನೆಗೆ ಹೋಗಬಹುದು. ಬಹಳ ಜನಕ್ಕೆ ನೋವು ಹೋಗುತ್ತೆ. ಆದ್ರೆ ಸುಮ್ಮನೆ ಹೋಗಲ್ಲ. ಆ ಕಡೆ ತುಟಿ, ಗದ್ದ, ಒಸಡು, ಅರ್ಧ ನಾಲಿಗೆ ಜೋಮಾಗಿ ಉಳೀಬಹುದು. ಅಗಿಯೋ ಶಕ್ತಿ ಕಡಿಮೆಯಾಗಬಹುದು. ಕೆಲವು ವರ್ಷ ಆದ್ಮೇಲೆ ನೋವು ಮತ್ತೆ ಬರಬಹುದು. ತೀರಾ ಅಪರೂಪಕ್ಕೆ ಜೋಮಿನ ಒಳಗೇ ಉರಿ ಶುರುವಾಗುತ್ತೆ. ಯೋಚನೆ ಮಾಡಿ ಹೇಳಿ.’

‘ಯೋಚನೆ ಮಾಡೋಕೂ ನೋವು ಬಿಡ್ತಿಲ್ಲ ಮೇಡಂ’ ಎಂದಳು ಗುಬ್ಬಿ.

ಸೂಜಿ ಹಾಕಿಸಿಕೊಂಡಳು. ಆದದ್ದು ಡಾಕ್ಟರಮ್ಮ ಹೇಳಿದ ಹಾಗೆಯೇ. ಆ ಸಂಜೆ ಗುಬ್ಬಿ ತನ್ನ ಗದ್ದವನ್ನು ತಾನೇ ಚಿವುಟಿ ನೋಡಿಕೊಂಡಳು. ‘ಅಣ್ಣಾ, ಇದು ನಂದಲ್ಲ, ಯಾರದ್ದೋ ತಂದು ಅಂಟಿಸಿದ್ದಾರೆ! ಇರ್ಲಿ ಬಿಡು, ನೋಯಲ್ವಲ್ಲ’ ಎಂದು ನಕ್ಕಳು. ಮೂರು ವರ್ಷದ ಮೇಲೆ ಅವಳು ಬಾಯಿ ತುಂಬ ನಕ್ಕಿದ್ದು. ನಗುವಾಗ ಬಲಗಡೆಯ ತುಟಿಯಂಚಿನಿಂದ ಕಾಫಿ ಇಳಿದು ಸೀರೆಯ ಮೇಲೆ ಬಿತ್ತು, ಅವಳಿಗೆ ತಿಳಿಯಲಿಲ್ಲ. ಅತ್ತಿಗೆ ಸೆರಗಿನಿಂದ ಒರೆಸಿದಳು. ಡಾಕ್ಟರು ತಮ್ಮ ಹಳೇ ಪಾಠ ಒಪ್ಪಿಸಿದರು, ‘ಬಿಸಿ ಏನೂ ಕುಡೀಬೇಡ. ತುಟಿ ಕಚ್ಕೋಬೇಡ, ಗೊತ್ತಾಗಲ್ಲ.’ ಎಷ್ಟು ಹೊತ್ತು ಎಂದು ಈ ಸಲ ಹೇಳಲಿಲ್ಲ.

ನೋವು ಹೋದ ಗುಬ್ಬಿಗೆ ಮೈಕು ಬೇಕಾಯಿತು. ಮೇಲ್ವಿಚಾರಕರನ್ನು ಹಿಡಿದು ಪೀಡಿಸಿದಳು. ಅವರು, ‘ಮೇಲಿನವರು ರೆಕಾರ್ಡ್ ಮಾಡಿದ ದನಿ ಹಾಕೋ ಯಂತ್ರ ತರ್ತೀವಿ ಅಂತಿದ್ದಾರೆ. ನಿಮಗೆ ಹದಿನೈದು ದಿನ ಮೈಕು ಕೊಡ್ತೀನಿ. ಮೊದಲಿನ ಹಾಗೆ ಹೇಳಿದ್ರೆ ಯಂತ್ರ ಬೇಡ ಅಂತ ಬರೀತೀನಿ’ ಎಂದರು. ಗುಬ್ಬಿ ಮೆಟ್ಟಿಲನ್ನು ಎರಡೆರಡು ಹಾರಿಕೊಂಡು ಕ್ಲಿನಿಕ್ಕಿಗೆ ಬಂದಳು. ‘ಅಣ್ಣಾ, ಹಲ್ಲು ಕಟ್ಟಿಕೊಡು. ನನ್ನ ಹಲ್ಲಿನ ಹಾಗೇ ಇರಬೇಕು!’

ಡಾಕ್ಟರು ಅಷ್ಟು ಮನಸ್ಸಿಟ್ಟು ಯಾವ ಕೆಲಸವನ್ನೂ ಮಾಡಿರಲಿಲ್ಲ. ಅಚ್ಚು ತೆಗೆದರು. ಮೇಣದಲ್ಲಿ ಹಲ್ಲು ಜೋಡಿಸಿದರು. ಲ್ಯಾಬಿಗೆ ಕಳಿಸದೆ ಎಲ್ಲ ಕೈಯಾರೆ ಮಾಡಿದರು. ಬಣ್ಣ ಹೊಂದಬೇಕು, ಎತ್ತರ ಹೊಂದಬೇಕು, ‘ಸ’ ಅಂದಾಗ ಕೂದಲೆಳೆಯಷ್ಟು ಗಾಳಿ ನುಸುಳಬಾರದು. ನೋಡಿಕೊಂಡು ಮಾಡಲು ಮಾದರಿ ಬೇಕಲ್ಲ? ಡ್ರಾಯರಿನ ಹಿಂದಿನಿಂದ ಆ ಬಾಟಲಿ ತೆಗೆದು, ಐದು ಹಲ್ಲನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡರು. ಬೇರೆ ಯಾರೇ ಆಗಿದ್ದರೂ ಕಳ್ಳಮಾಲನ್ನು ಹಾಗೆ ಬಯಲಿಗೆ ಹಾಕುತ್ತಿರಲಿಲ್ಲ. ಕೆಲಸದಲ್ಲಿ ಮುಳುಗಿದ ಹಲ್ಲು ಡಾಕ್ಟರಿಗೆ ಅವು ಕಳ್ಳಮಾಲು ಎಂಬುದೇ ಮರೆತುಹೋಯಿತು.

ಮೇಣದ ಹಲ್ಲು ಹಾಕಿ ನೋಡಲು ಗುಬ್ಬಿ ಕುರ್ಚಿಯಲ್ಲಿ ಕೂತಳು. ‘ಸಂಜೆ, ಸಮಯ, ಸೇತುವೆ’ ಎಂದಳು. ಸೀಟಿ ಇಲ್ಲ! ಕನ್ನಡಿ ಹಿಡಿದು ನೋಡಿಕೊಂಡು, ‘ಅಯ್ಯೋ, ಥೇಟ್ ನಂದೇ! ಇಷ್ಟು ನೆನಪಿಟ್ಕೊಂಡಿದ್ದೀಯಲ್ಲ ಅಣ್ಣ’ ಎಂದು ಪಕ್ಕಕ್ಕೆ ತಿರುಗಿದಳು. ತಟ್ಟೆಯಲ್ಲಿ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಐದು ಹಲ್ಲು.

‘ಇದು ಯಾರ ಹಲ್ಲು?’

ಡಾಕ್ಟರು ಬಟ್ಟೆಯ ಅಂಚು ಮಡಚಲು ಹೋದರು.

‘ನಂದಾ?’

‘ಹೂಂ.’

ಗುಬ್ಬಿ ಒಂದೊಂದನ್ನೇ ಎತ್ತಿ, ದೀಪಕ್ಕೆ ಹಿಡಿದು, ಅವರು ಮಾಡಿದ ಹಾಗೆಯೇ ತಿರುಗಿಸಿ ನೋಡಿದಳು. ಹಲ್ಲು ಡಾಕ್ಟರ ತಂಗಿ, ಹುಳುಕು ಹೇಗಿರುತ್ತದೆಂದು ಅವಳಿಗೇನು ಗೊತ್ತಿಲ್ಲವೇ?

‘ಹುಳುಕೆಲ್ಲಿ?’

‘ಇರ್ಲಿಲ್ಲ ಗುಬ್ಬಿ.’

‘ಬೇರಲ್ಲಿ ಅಂದಿದ್ದೆ.’

‘ಸುಳ್ಳು ಹೇಳಿದೆ.’

‘ಎಷ್ಟನೇದ್ರಲ್ಲಿ ಗೊತ್ತಾಯ್ತು ನಿಂಗೆ?’

‘ಮೂರನೇದ್ರಲ್ಲಿ.’

‘ಹಾಗಾದ್ರೆ ಇನ್ನೆರಡು?’

ಡಾಕ್ಟರು ತಡವರಿಸಿದರು. ‘ನೀನೇ… ಕೈ ಮುಗಿದು ಬೇಡ್ಕೊಂಡೆಯಲ್ಲ…’

‘ಬೇಡ್ಕೊಂಡೆ. ಆ ನೋವಲ್ಲಿ ತಲೆ ಕಿತ್ತುಬಿಡು ಅಂತಾನೂ ಬೇಡ್ಕೊಂಡಿರ್ತಿದ್ದೆ. ನನಗೆ ನೋವಿತ್ತು, ಬುದ್ಧಿ ಇರ್ಲಿಲ್ಲ. ನಿನಗೇನಾಗಿತ್ತು? ನೀನು ಡಾಕ್ಟ್ರಲ್ವಾ?’ ಅವಳ ದನಿ ಏರಲಿಲ್ಲ. ಏರಿದ್ದರೆ ಡಾಕ್ಟರಿಗೆ ಸಮಾಧಾನವಾಗುತ್ತಿತ್ತೋ ಏನೋ. ‘ಮೈಕಿಂದ ಎಬ್ಬಿಸಿದ ದಿನ ನಾನು ಇಲ್ಲೇ ಬಂದು ಅತ್ತಿದ್ದೆ ಅಣ್ಣ. ಇದೇ ಕುರ್ಚಿಲಿ. ಅವತ್ತೂ ನಿಂಗೆ ಗೊತ್ತಿತ್ತು.’

ಮೇಣದ ಹಲ್ಲು ತೆಗೆದು ತಟ್ಟೆಯಲ್ಲಿಟ್ಟಳು. ಕಣ್ಣೀರು ಬಲಗಡೆ ಇಳಿದು ಗದ್ದದ ತುದಿಯಲ್ಲಿ ನಿಂತಿತ್ತು. ಅವಳಿಗೆ ಅದರ ಅರಿವಿರಲಿಲ್ಲ. ಒರೆಸಲು ಡಾಕ್ಟರು ಕೈ ಚಾಚಿದರು. ಯಾಕೆ ಕೈ ಬಂತೆಂದು ತಿಳಿಯದೆ ಗುಬ್ಬಿ ಹಿಂದೆ ಸರಿದಳು, ಹೊಡೆಸಿಕೊಳ್ಳುವವಳ ಹಾಗೆ. ಆಮೇಲೆ ಚೀಲ ಎತ್ತಿಕೊಂಡು ಇಳಿದುಹೋದಳು.

ಡಾಕ್ಟರು ಹಲ್ಲಿನ ಸೆಟ್ಟು ಮುಗಿಸಿದರು. ಇನ್ನೇನು ಮಾಡಿಯಾರು? ಅತ್ತಿಗೆ ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ಕೊಟ್ಟಳು. ‘ನಾಳೆಯೇ ಬಂದು ತೋರಿಸಬೇಕಂತೆ, ಒತ್ತೋ ಕಡೆ ಉಜ್ಜಬೇಕಂತೆ’ ಎಂದಳು.

‘ನಂಗೆಲ್ಲೂ ನೋಯ್ತಿಲ್ಲ ಅತ್ತಿಗೆ, ಯಾಕೆ ಬರ್ಲಿ?’ ಎಂದಳಂತೆ ಗುಬ್ಬಿ.

ಡಾಕ್ಟರಿಗೆ ಹೆದರಿಕೆಯಾದದ್ದು ಆ ಮಾತಿಗೇ. ಹೊಸ ಸೆಟ್ಟು ಯಾರಿಗೂ ಮೊದಲ ದಿನವೇ ಸರಿಯಾಗಿ ಕೂರುವುದಿಲ್ಲ. ಎಲ್ಲೋ ಒಂದು ಕಡೆ ಅಂಚು ಒತ್ತುತ್ತದೆ, ಜನ ಬೈದುಕೊಂಡು ಬರುತ್ತಾರೆ, ‘ಇಲ್ಲಿ ಡಾಕ್ಟ್ರೇ, ಇಲ್ಲಿ’ ಎಂದು ಬೆರಳಿಟ್ಟು ತೋರಿಸುತ್ತಾರೆ, ಇವರು ಉಜ್ಜುತ್ತಾರೆ. ಆ ನೋವೇ ದಾರಿ ತೋರಿಸುವುದು. ಗುಬ್ಬಿಯ ಒಸಡಿಗೆ ಈಗ ಬಾಯೇ ಇಲ್ಲ. ಅಲ್ಲಿ ಹುಣ್ಣಾದರೂ, ಹುಣ್ಣು ಮೂಳೆ ಮುಟ್ಟಿದರೂ ಅವಳಿಗೆ ತಿಳಿಯುವುದಿಲ್ಲ.

ಮೈಕಿನ ಮೊದಲ ದಿನ ಡಾಕ್ಟರು ತಾವೇ ಎದ್ದು ಕಿಟಕಿ ತೆರೆದರು. ‘ಹೊಸ ಸೇತುವೆ ಮಾರ್ಗವಾಗಿ ಸಾಗುವ ಬಸ್ಸು ಸಂಜೆ ಆರೂಕಾಲಿಗೆ ಸರಿಯಾಗಿ…’ ಹಳೆಯ ಗುಬ್ಬಿ! ಒಂದು ಸಕಾರವೂ ಸೀಳಿರಲಿಲ್ಲ. ಕೈಯಲ್ಲಿದ್ದ ಸಲಕರಣೆ ಕೆಳಗಿಟ್ಟು ಅತ್ತುಬಿಟ್ಟರು. ಕುರ್ಚಿಯಲ್ಲಿದ್ದವನು ಬಾಯಿ ತೆರೆದುಕೊಂಡೇ, ತನ್ನ ಹಲ್ಲಿಗೆ ಅಂಥದ್ದೇನಾಗಿದೆಯೋ ಎಂದು ಗಾಬರಿಯಾದ.

ಹತ್ತು ದಿನ ಹಾಗೆ ಕೇಳಿದರು. ಅವಳು ಬರಲಿಲ್ಲ, ಇವರು ಹೋಗಲಿಲ್ಲ. ಯಾವ ಮುಖ ಹೊತ್ತುಕೊಂಡು ಹೋಗುವುದು? ಅತ್ತಿಗೆ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಳು. ಹನ್ನೊಂದನೇ ದಿನ ಸಂಜೆ ಡಾಕ್ಟರ ಕಿವಿ ನಿಮಿರಿತು. ‘ಸ’ ಒಂದು ಚೂರು ಜಾರುತ್ತಿತ್ತು. ಊರಿನ ಇನ್ಯಾರಿಗೂ ಗೊತ್ತಾಗುವಂಥದ್ದಲ್ಲ. ‘ಟ’ ಅಂದಾಗ ಸಣ್ಣದೊಂದು ‘ಟಕ್’ ಕೂಡ. ಸೆಟ್ಟು ಅಲುಗುತ್ತಿದೆ. ಕೆಳಗೆ ಒಸಡು ಊದಿ ಅದನ್ನು ಎತ್ತುತ್ತಿದೆ. ತಂಗಿಯ ಬಾಯಿಯ ಹುಣ್ಣು ಅಣ್ಣನಿಗೆ ಧ್ವನಿವರ್ಧಕದಲ್ಲಿ ಕೇಳಿಸಿತು.

ಆಗಷ್ಟೇ ಇಂಜೆಕ್ಷನ್ ತೆಗೆದುಕೊಂಡ ಹೆಂಗಸೊಬ್ಬರು ಕುರ್ಚಿಯಲ್ಲಿದ್ದರು. ‘ಹತ್ತು ನಿಮಿಷ ಕೂತಿರಿ ಅಮ್ಮಾ, ತುಟಿ ಕಚ್ಕೋಬೇಡಿ’ ಎಂದು, ಬಾಯಿ ನೋಡುವ ಪುಟ್ಟ ಕನ್ನಡಿ ಮತ್ತು ಟಾರ್ಚು ಜೇಬಿಗೆ ಹಾಕಿಕೊಂಡು ಡಾಕ್ಟರು ಮೆಟ್ಟಿಲಿಳಿದು ಓಡಿದರು.

ಗಾಜಿನ ಗೂಡಿನ ಹೊರಗೆ ನಿಂತರು. ಗುಬ್ಬಿ ನೋಡಿದಳು. ಮೈಕು ಆರಿಸಿದಳು. ಗಡಿಯಾರ ನೋಡಿದಳು. ಎದ್ದು ಹೊರಗೆ ಬಂದು, ಏಳನೇ ಅಂಕಣದ ಬೆಂಚಿನ ಮೇಲೆ ಕೂತಳು.

‘ಬಾಯಿ ತೆಗಿ ಗುಬ್ಬಿ. ಎಲ್ಲಾದ್ರೂ ನೋಯ್ತಾ…’ ಮೂವತ್ತೊಂದು ವರ್ಷದ ಅಭ್ಯಾಸ, ನಾಲಿಗೆಗೆ ತಾನಾಗೇ ಬಂತು.

‘ನನ್ನ ಕೇಳ್ಬೇಡ’ ಎಂದಳು ಗುಬ್ಬಿ. ‘ನನ್ನ ಕೇಳಿ ಕೇಳಿಯೇ ಐದು ಹಲ್ಲು ಕಿತ್ತೆ. ನೀನು ನೋಡು. ನೋಡಿದ್ದನ್ನ ಹೇಳು.’

ಡಾಕ್ಟರು ನೆಲಕ್ಕೆ ಮೊಣಕಾಲೂರಿ, ಟಾರ್ಚು ಹಾಕಿ ನೋಡಿದರು. ನಾಲಿಗೆಯ ಕಡೆಯ ಒಸಡಿನಲ್ಲಿ, ಸೆಟ್ಟಿನ ಅಂಚು ಕೂತಲ್ಲಿ, ಉಗುರಿನಷ್ಟು ಅಗಲದ ಹುಣ್ಣು. ಸುತ್ತ ಕೆಂಪು, ನಡುವೆ ಬಿಳಿ. ಬೇರೆಯವರಾಗಿದ್ದರೆ ಎರಡನೇ ದಿನವೇ ಕಿರುಚಿಕೊಂಡು ಬರುತ್ತಿದ್ದರು. ತುಟಿಯ ಒಳಗೂ ಕಚ್ಚಿಕೊಂಡ ಗಾಯಗಳಿದ್ದವು.

ಹದಿನೈದಕ್ಕೆ ಇನ್ನು ನಾಲ್ಕೇ ದಿನ. ಅಂಚು ಒಂಚೂರು ಉಜ್ಜಿ, ‘ಏನೂ ಇಲ್ಲ, ಹಾಕ್ಕೋ’ ಅಂದರೆ ಮುಗಿಯಿತು. ಅವಳಿಗೆ ನೋಯುವುದಿಲ್ಲ, ಮೈಕು ಉಳಿಯುತ್ತದೆ, ಅಣ್ಣನ ಮೇಲಿನ ಸಿಟ್ಟೂ ಸ್ವಲ್ಪ ಇಳಿದೀತು. ಡಾಕ್ಟರಿಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆ ಹಳೇ ‘ಹೂಂ’ ನಾಲಿಗೆಯ ತುದಿಯಲ್ಲೇ ಕೂತಿತ್ತು.

‘ಹುಣ್ಣಾಗಿದೆ’ ಎಂದರು. ‘ದೊಡ್ಡದು. ಒಳಗೆ ಇಳೀತಿದೆ. ಅಂಚು ನಾನೇ ಉದ್ದ ಬಿಟ್ಟಿದ್ದೆ. ನೋಡದೇ ಕಳಿಸಿದ್ದು ನನ್ನ ತಪ್ಪು, ಹತ್ತು ದಿನ ಬರದೇ ಇದ್ದದ್ದೂ ನನ್ನ ತಪ್ಪು. ಎರಡು ವಾರ ಸೆಟ್ಟು ಹಾಕೋ ಹಾಗಿಲ್ಲ.’

‘ಇನ್ನು ನಾಲ್ಕು ದಿನ ಅಣ್ಣ. ಆಮೇಲೆ ತೆಗೆದಿಡ್ತೀನಿ.’

‘ಆಗಲ್ಲ ಪುಟ್ಟಿ.’

‘ನಂಗೇನೂ ನೋಯ್ತಿಲ್ಲ.’

‘ಅದಕ್ಕೇ ಆಗಲ್ಲ.’

ಗುಬ್ಬಿ ಅವರ ಮುಖವನ್ನೇ ನೋಡುತ್ತಾ ಕೂತಳು. ಹಿಂದಿನ ಹಾಗೆ ನಂಬುವ ನೋಟ ಅದಲ್ಲ. ತೂಗಿ ನೋಡುವ ನೋಟ. ಆ ಹಳೆಯ ನೋಟ ಇನ್ನು ಈ ಜನ್ಮದಲ್ಲಿ ತಮಗಿಲ್ಲ ಎಂದು ಡಾಕ್ಟರಿಗೆ ಅರ್ಥವಾಯಿತು. ಅದನ್ನು ಉಳಿಸಿಕೊಳ್ಳಲೆಂದೇ ಅಲ್ಲವೇ ಎರಡು ಒಳ್ಳೆಯ ಹಲ್ಲು ಕಿತ್ತದ್ದು?

‘ಕಂಡಿದ್ದನ್ನೇ ಹೇಳ್ತಿದ್ದೀಯಾ?’ ಎಂದು ಕೇಳಿದಳು.

‘ಕಂಡಿದ್ದನ್ನೇ.’

ಗುಬ್ಬಿ ಬಾಯಿಗೆ ಬೆರಳು ಹಾಕಿ ಸೆಟ್ಟು ತೆಗೆದು ಅವರ ಅಂಗೈಯಲ್ಲಿಟ್ಟಳು. ‘ದಿನಾ ಸಂಜೆ ಬಂದು ನೋಡು. ನಾನು ಮೆಟ್ಟಿಲು ಹತ್ತಿ ಬರಲ್ಲ, ನೀನೇ ಬಾ’ ಎಂದಳು. ಆಗಲೇ ಮಾತಿನಲ್ಲಿ ಗಾಳಿ ನುಸುಳುತ್ತಿತ್ತು. ಎದ್ದು ಗಾಜಿನ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಸ್ಸಿನ ಹೊತ್ತಾಗಿತ್ತು.

‘ಹೊಸ ಸೇತುವೆ ಮಾರ್ಗವಾಗಿ ಸಾಗುವ ಬಸ್ಸು…’

ಪ್ರತಿ ಸಕಾರಕ್ಕೂ ಸೀಟಿ. ಇಡೀ ನಿಲ್ದಾಣಕ್ಕೆ ಕೇಳುವಂಥ ಸೀಟಿ. ಬೆಂಚುಗಳ ಮೇಲಿದ್ದವರು ತಲೆಯೆತ್ತಿದರು, ಯಾರೋ ಕಿಸಕ್ಕನೆ ನಕ್ಕರು. ಮೇಲ್ವಿಚಾರಕರು ತಮ್ಮ ಕೋಣೆಯಿಂದ ಹೊರಗೆ ಬಂದು ಧ್ವನಿವರ್ಧಕದ ಕಡೆ ನೋಡುತ್ತಾ ನಿಂತರು. ಗುಬ್ಬಿ ಒಂದು ಅಕ್ಷರವನ್ನೂ ನುಂಗಲಿಲ್ಲ, ಅವಸರ ಮಾಡಲಿಲ್ಲ. ಡಾಕ್ಟರು ಒದ್ದೆ ಸೆಟ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತರು. ಒಂದೊಂದು ಸೀಟಿಯಲ್ಲೂ ತಾವು ನೋವಾಗದ ಹಾಗೆ ಕಿತ್ತ ಹಲ್ಲಿನ ಜಾಗ ಅವರಿಗೆ ಕೇಳಿಸುತ್ತಿತ್ತು. ಕಿವಿ ಮುಚ್ಚಿಕೊಳ್ಳಬೇಕೆನ್ನಿಸಿತು, ಮುಚ್ಚಿಕೊಳ್ಳಲಿಲ್ಲ.

ಪ್ರತಿ ಬಸ್ಸನ್ನೂ ಎರಡು ಸಲ ಹೇಳಬೇಕೆಂಬುದು ನಿಯಮ. ಗುಬ್ಬಿ ಎರಡನೇ ಸಲವೂ ಹೇಳಿದಳು.